ನಡುಗೋಡೆ ಯಾರದು?

ಸಾಬರಮತಿ ನದಿಯ ಪೂರ್ವದಂಡೆಯ ಮೇಲೆ ಸುಲ್ತಾನ ಅಹಮದ್ ಶಾಹನು 1411ರಲ್ಲಿ ಸ್ಥಾಪಿಸಿದ ಅಹಮದಾಬಾದ್ ನಗರವು ತನ್ನ ಮಸೀದಿಗಳಿಗೂ ಜಿನಾಲಯಗಳಿಗೂ ಹೇಗೆ ಪ್ರಸಿದ್ಧವೋ ಹಾಗೆಯೇ ತನ್ನ ‘ಪೋಳ’ಗಳಿಗೂ ಪ್ರಸಿದ್ಧವಾಗಿದೆ. ಪೋಳವೆಂದರೆ ಹೆಬ್ಬಾಗಿಲುಳ್ಳ ಕೇರಿ. ಸಂಸ್ಕೃತದ ‘ಪ್ರತೋಲಿ’ ಎಂಬ ಶಬ್ದದಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ಒಂದೇ ಜಾತಿಯ, ಒಂದೇ ಕಸುಬಿನ ಅಥವಾ ಒಂದೇ ಧರ್ಮದ ಕುಟುಂಬಗಳು ಒಂದೊಂದು ಪೋಳದಲ್ಲಿ ನೆಲೆಸಿದ್ದವು. ರಾತ್ರಿಯಾದೊಡನೆ ಹೆಬ್ಬಾಗಿಲು ಮುಚ್ಚುತ್ತಿತ್ತು; ಕಾವಲುಗಾರನ ಸಂಬಳವನ್ನು ಎಲ್ಲರೂ ಸೇರಿ ಕೊಡುತ್ತಿದ್ದರು. ದಂಗೆ, ದರೋಡೆಗಳ ಕಾಲದಲ್ಲಿ ತಪ್ಪಿಸಿಕೊಳ್ಳಲು ಒಂದು ಪೋಳದಿಂದ ಇನ್ನೊಂದಕ್ಕೆ ಗುಪ್ತ ದಾರಿಗಳಿದ್ದವು.

ಈ ಕೇರಿಗಳ ಮನೆಗಳು ವಿಚಿತ್ರ ಸೊಬಗಿನವು. ಮುಂಭಾಗ ಬಹಳ ಕಿರಿದು. ಒಳಗೆ ಹೋದಷ್ಟೂ ಉದ್ದ. ಮೂರು ನಾಲ್ಕು ಅಂತಸ್ತುಗಳು ಒಂದರ ಮೇಲೊಂದು ಬೀದಿಯತ್ತ ಬಾಗಿ ನಿಂತಿರುವುದರಿಂದ ಮಧ್ಯಾಹ್ನದಲ್ಲೂ ಓಣಿಯಲ್ಲಿ ನೆರಳು. ಕಂಬ, ತೊಲೆ, ಮದನಕೈಗಳೆಲ್ಲ ಮರದವು. ನಡುವೆ ಇಟ್ಟಿಗೆಯ ಗೋಡೆ. ಬೀದಿಯ ಕಡೆ ‘ಓಟಲೋ’ ಎಂಬ ಜಗಲಿ, ನಡುವೆ ಆಕಾಶಕ್ಕೆ ತೆರೆದ ಅಂಗಳ, ಅಂಗಳದ ಕೆಳಗೆ ಮಾಡಿನ ಮಳೆನೀರನ್ನು ಸಂಗ್ರಹಿಸುವ ‘ಟಾಂಕಾ’. ಬಳ್ಳಿ, ಗಿಳಿ, ಆನೆ, ದೇವತೆಗಳ ಕೆತ್ತನೆಯಲ್ಲಿ ಒಂದು ಮನೆಯಂತೆ ಇನ್ನೊಂದಿಲ್ಲ. ಕೇರಿಯ ನಡುವೆ ಕಂಬದ ಮೇಲೆ ಕಟ್ಟಿದ ಸಣ್ಣ ಗೋಪುರದಂತಹ ‘ಚಬೂತರೋ’ ಇರುತ್ತದೆ. ಅದು ಹಕ್ಕಿಗಳಿಗೆ ಕಾಳು ಹಾಕುವ ತಾಣ. ಮನುಷ್ಯನ ವಾಸಕ್ಕೇ ಸ್ಥಳ ಸಾಲದ ಕೇರಿಯಲ್ಲಿ ಹಕ್ಕಿಗಳ ಪಾಲನ್ನು ಮೊದಲೇ ಎತ್ತಿಟ್ಟವರು ಅಲ್ಲಿನ ಜೈನರೂ ವೈಷ್ಣವರೂ.

ಈ ಮನೆಗಳ ಒಂದು ಗುಣ ಇಲ್ಲಿ ವಿಶೇಷವಾಗಿ ವಿಚಾರಣೀಯವಾದುದು. ಪೋಳದ ಮನೆಗಳ ನಡುವೆ ಸಾಮಾನ್ಯವಾಗಿ ಎರಡು ಗೋಡೆಗಳಿಲ್ಲ. ಒಂದೇ ಗೋಡೆ ಈ ಮನೆಗೂ ಆ ಮನೆಗೂ ಸೇರಿದ್ದು. ಒಬ್ಬರ ತೊಲೆ ಊರಿರುವ ಗೋಡೆಯ ಮೇಲೆಯೇ ಇನ್ನೊಬ್ಬರ ತೊಲೆಯೂ ಊರಿರುತ್ತದೆ. ಹಿಂದಿನವರ ವ್ಯವಹಾರವೂ ಇದಕ್ಕೆ ಅನುಗುಣವಾಗಿತ್ತು. ಅನೇಕ ಪೋಳಗಳಲ್ಲಿ ಮನೆ ಮಾರುವವರು ಮೊದಲು ಕೇರಿಯವರನ್ನು ಕೇಳಬೇಕಾಗಿತ್ತು. ಅವರು ಬೇಡವೆಂದ ಮೇಲಷ್ಟೇ ಹೊರಗಿನವರಿಗೆ ಮಾರಾಟ. ಈ ಕಟ್ಟುಪಾಡಿಗೆ ಇನ್ನೊಂದು ಮುಖವೂ ಇತ್ತೆಂಬುದನ್ನು ಮರೆಯಲಾಗದು. ತಮ್ಮವರಲ್ಲದವರನ್ನು ಹೊರಗಿಡಲೂ ಇದೇ ನಿಯಮ ಸಾಧನವಾಯಿತು. ಆದರೂ ಮನೆಯೆಂಬುದು ಒಡೆಯನೊಬ್ಬನ ಇಚ್ಛೆಗಷ್ಟೇ ಸೇರಿದ ವಸ್ತುವಲ್ಲವೆಂಬ ತಿಳಿವಳಿಕೆ ಅದರಲ್ಲಿತ್ತು.

ಕೇರಿ ಬರಿದಾಗತೊಡಗಿದುದು ಒಂದು ದಿನದಲ್ಲಲ್ಲ. 1861ರಲ್ಲಿ ರಣಛೋಡಲಾಲ್ ಛೋಟಾಲಾಲರ ಬಟ್ಟೆ ಗಿರಣಿ ಆರಂಭವಾಯಿತು. ಗಿರಣಿಗಳು ಹೆಚ್ಚಿದಂತೆ ಸಂಪತ್ತೂ ಬೆಳೆಯಿತು. 1892ರಲ್ಲಿ ಎಲ್ಲಿಸ್ ಸೇತುವೆ ಸಿದ್ಧವಾದ ಮೇಲೆ ನದಿಯ ಪಶ್ಚಿಮಕ್ಕೆ ದಾರಿ ಸುಗಮವಾಯಿತು. ಮೊದಲು ಶ್ರೀಮಂತರು, ಆಮೇಲೆ ಮಧ್ಯಮ ವರ್ಗದವರು ಗಾಳಿ ಬೆಳಕಿನ ಹೊಸ ಬಡಾವಣೆಗಳಿಗೆ ಹೊರಟುಹೋದರು. ಉಳಿದ ಮನೆಗಳಿಗೆ ಬಾಡಿಗೆದಾರರು ಬಂದರು. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಬಡ ಬಾಡಿಗೆದಾರನಿಗೆ ಆಸರೆಯಾಯಿತು ನಿಜ. ಆದರೆ ಬಾಡಿಗೆ ಏರದೆ ನಿಂತುದರಿಂದ ಮಾಡು ರಿಪೇರಿ ಮಾಡಿಸುವ ಉತ್ಸಾಹ ಒಡೆಯನಲ್ಲಿ ಉಳಿಯಲಿಲ್ಲ. ಗಿರಣಿಗಳು ಮುಚ್ಚಿದುವು. ಗಲಭೆಗಳ ಭಯದಿಂದ ಇನ್ನಷ್ಟು ಕುಟುಂಬಗಳು ತೆರಳಿದವು. ಒಂದೊಂದು ಮನೆಗೂ ಬೇರೆ ಬೇರೆ ಊರುಗಳಲ್ಲಿರುವ ಹತ್ತಾರು ವಾರಸುದಾರರಾದರು.

ಇಂತಹ ಮನೆಯ ಬಾಗಿಲಿಗೆ ಬರುವವರು ಇಬ್ಬರು. ಒಬ್ಬನು ಹಳೆಯ ಮರದ ಸಾಮಾನಿನ ವ್ಯಾಪಾರಿ. ಕೆತ್ತನೆಯ ಕಂಬಕ್ಕೆ, ಮದನಕೈಗೆ, ಕಿಟಕಿಗೆ ಬಿಡಿಬಿಡಿಯಾಗಿ ಬೆಲೆ ಕಟ್ಟುವವನು. ಇನ್ನೊಬ್ಬನು ನಿವೇಶನಕ್ಕೆ ಬೆಲೆ ಕಟ್ಟಿ ಅಲ್ಲಿ ಕಾಂಕ್ರೀಟಿನ ಮಳಿಗೆ ಅಥವಾ ಗೋದಾಮು ಕಟ್ಟುವವನು. ಇಬ್ಬರಿಗೂ ಮನೆ ಬೇಕಿಲ್ಲ. ಒಂದು ಮನೆ ಹೀಗೆ ಬಿದ್ದಾಗ ನೆರೆಯವರ ಗೋಡೆಯ ಒಂದು ಮೈ ಬಯಲಾಗುತ್ತದೆ. ಅದುವರೆಗೆ ಒಳಗೋಡೆಯಾಗಿದ್ದುದು ಮಳೆಗೆ ಮೈಯೊಡ್ಡುತ್ತದೆ. ಇತ್ತ ಕಡೆಯ ಆಧಾರ ತಪ್ಪಿ ತೊಲೆ ಸಡಿಲುತ್ತದೆ. ಮಾರದೆ ಉಳಿದವನೂ ಕೆಲವು ವರ್ಷಗಳಲ್ಲಿ ಮಾರಬೇಕಾಗುತ್ತದೆ.

ಹಳೆಯದು ದುರ್ಬಲ, ಹೊಸದು ಭದ್ರ ಎಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. 2001ರ ಜನವರಿ 26ರ ಭೂಕಂಪದಲ್ಲಿ ಅಹಮದಾಬಾದಿನಲ್ಲಿ ಪ್ರಾಣ ಕಳೆದುಕೊಂಡವರಲ್ಲಿ ಹೆಚ್ಚಿನವರು ಹೊಸ ಬಡಾವಣೆಗಳ ಬಹುಮಹಡಿ ಕಾಂಕ್ರೀಟು ಕಟ್ಟಡಗಳಲ್ಲಿದ್ದವರು. ಮರದ ಚೌಕಟ್ಟಿನಿಂದ ಬಿಗಿದು ಒಂದಕ್ಕೊಂದು ಆತುಕೊಂಡಿದ್ದ ಪೋಳದ ಮನೆಗಳು ಬಿರುಕು ಬಿಟ್ಟರೂ ಬಹುಮಟ್ಟಿಗೆ ನಿಂತುಕೊಂಡವು.

ಈ ಕೆತ್ತನೆಯ ಬೆಲೆಯನ್ನು ಪರದೇಶದವರು ಬಹಳ ಹಿಂದೆಯೇ ಅರಿತಿದ್ದರು. 1881ರಲ್ಲಿ ಅಹಮದಾಬಾದಿಗೆ ಬಂದ ಅಮೆರಿಕದ ಲಾಕ್‌ವುಡ್ ಡಿ ಫಾರೆಸ್ಟ್ ಎಂಬ ಕಲಾವಿದನು ಜೈನ ಶ್ರೇಷ್ಠಿ ಮಗನ್‌ಭಾಯಿ ಹಠೀಸಿಂಗರ ಸಹಕಾರದಿಂದ ಮರಗೆತ್ತನೆಯ ಕಾರ್ಯಾಗಾರವೊಂದನ್ನು ತೆರೆದನು. ನ್ಯೂಯಾರ್ಕಿನ ಹತ್ತನೆಯ ಬೀದಿಯಲ್ಲಿ 1887ರಲ್ಲಿ ಅವನು ಕಟ್ಟಿಸಿದ ಮನೆಯ ಮುಂಭಾಗದಲ್ಲಿ ಅಹಮದಾಬಾದಿನ ಕುಶಲಕರ್ಮಿಗಳು ಕೆತ್ತಿದ ತೇಗದ ಗವಾಕ್ಷವು ಇಂದಿಗೂ ಇದೆ. ಪಾಟಣದ ವಾಡಿ ಪಾರ್ಶ್ವನಾಥ ಜಿನಾಲಯದ, ಹದಿನಾರನೆಯ ಶತಮಾನದ ಮರದ ಮಂಟಪವು 1916ರಲ್ಲಿ ಅದೇ ನಗರದ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವನ್ನು ಸೇರಿತು. ಅಲ್ಲಿ ಅದು ಸುರಕ್ಷಿತವಾಗಿದೆ. ಆದರೆ ಅದರಡಿಯಲ್ಲಿ ಕೈಮುಗಿದು ನಿಲ್ಲುವ ಶ್ರಾವಕರಿಲ್ಲ. ಕಂಬವನ್ನು ಕಾಪಾಡುವುದು ಬೇರೆ, ಕಂಬದ ಸುತ್ತಲಿನ ಬಾಳನ್ನು ಕಾಪಾಡುವುದು ಬೇರೆ. ಅಹಮದಾಬಾದಿನಲ್ಲಿಯೇ ಇದಕ್ಕೆ ನಿದರ್ಶನವುಂಟು. ಗುಜರಾತಿ ಕವಿ ದಲಪತರಾಮರ (1820–1898) ಮನೆ ಉಳಿಯಲಿಲ್ಲ. ಅದರ ಮುಂಭಾಗವನ್ನು ಮಾತ್ರ ಸ್ಮಾರಕವಾಗಿ ಮತ್ತೆ ಕಟ್ಟಿ, ಮುಂದೆ ಕವಿಯ ಪ್ರತಿಮೆಯನ್ನು ಕುಳ್ಳಿರಿಸಿದ್ದಾರೆ. ಬಾಗಿಲಿದೆ, ಬಾಗಿಲ ಹಿಂದೆ ಮನೆಯಿಲ್ಲ.

ನಗರ ಕಣ್ಣುಮುಚ್ಚಿ ಕುಳಿತಿಲ್ಲವೆಂಬುದೂ ಸತ್ಯ. 1996ರಲ್ಲಿ ಮಹಾನಗರಪಾಲಿಕೆಯು ಪರಂಪರೆಯ ರಕ್ಷಣೆಗಾಗಿ ಪ್ರತ್ಯೇಕ ವಿಭಾಗವನ್ನು ತೆರೆಯಿತು. 1997ರಿಂದ ಆಸಕ್ತರನ್ನು ಪೋಳಗಳಲ್ಲಿ ನಡೆಸಿ ತೋರಿಸುವ ಕ್ರಮ ಬಂದಿತು. 2,000ಕ್ಕೂ ಹೆಚ್ಚು ಕಟ್ಟಡಗಳ ಪಟ್ಟಿ ಸಿದ್ಧವಾಯಿತು. ಕಟ್ಟದೆ ಉಳಿಸಿದ ಅಂತಸ್ತುಗಳ ಹಕ್ಕನ್ನು ಬೇರೆಡೆ ಕಟ್ಟುವವರಿಗೆ ಮಾರಿ ಆ ಹಣದಿಂದ ಹಳೆಯ ಮನೆಯನ್ನು ದುರಸ್ತಿ ಮಾಡಿಸುವ ಅವಕಾಶವೂ ಒದಗಿತು. 2017ರಲ್ಲಿ ಯುನೆಸ್ಕೋ ಈ ಹಳೆಯ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದಲ್ಲಿ ಈ ಗೌರವ ಪಡೆದ ಮೊದಲ ನಗರವಿದು. ಆದರೂ ಪಟ್ಟಿಯಲ್ಲಿದ್ದ ಮನೆಗಳೇ ಅನಂತರವೂ ಉರುಳಿವೆ. ಗೌರವ ಇಡೀ ನಗರಕ್ಕೆ ಸಂದಿತು. ಸೋರುವ ಮಾಡಿನ ಖರ್ಚು ಒಡೆಯನ ಪಾಲಿಗೇ ಉಳಿಯಿತು.

ಧರ್ಮಜಿಜ್ಞಾಸೆ ಹುಟ್ಟುವುದು ಇಲ್ಲಿಯೇ. ಮಾರಿದವನನ್ನು ಲೋಭಿಯೆಂದು ನಿಂದಿಸುವುದು ಸುಲಭ. ಮಗಳ ಮದುವೆಗೋ ತಂದೆಯ ಔಷಧಿಗೋ ಮಾರಿದವನು ಲೋಭಿಯಲ್ಲ. ಅಪರಿಗ್ರಹವನ್ನು ಬೋಧಿಸುವ ಧರ್ಮವು ಹಳೆಯ ಮರಕ್ಕೆ ಅಂಟಿಕೊಳ್ಳಿರೆಂದು ಹೇಳಲಾರದು ಎಂಬ ವಾದವೂ ಉಂಟು. ಆದರೆ ಪರಿಗ್ರಹವೆಂದರೆ ವಸ್ತುವನ್ನು ಇಟ್ಟುಕೊಳ್ಳುವುದಷ್ಟೇ ಅಲ್ಲ. ‘ಇದು ನನ್ನದು, ಏನು ಬೇಕಾದರೂ ಮಾಡುವೆ’ ಎಂಬ ಮಮಕಾರವೇ ಅದರ ಮೂಲ. ನಡುಗೋಡೆಯನ್ನು ಕೆಡಹುವವನಲ್ಲಿ ಆ ಮಮಕಾರವಿದೆ. ನೆರೆಯವನ ಸೂರಿಗೆ ಬರುವ ಕೇಡನ್ನು ಲೆಕ್ಕಿಸದೆ ಇರುವುದು ಪ್ರಮಾದ. ಪ್ರಮಾದದಿಂದಾಗುವ ಪೀಡೆಯನ್ನು ಜೈನಾಚಾರ್ಯರು ಹಿಂಸೆಯೆಂದೇ ಎಣಿಸಿದ್ದಾರೆ. ಕೆತ್ತನೆಯನ್ನು ಹೊಗಳಿ, ಖರ್ಚಿಗೆ ಮಾತ್ರ ಕೈಚಾಚದ ಸಮಾಜವೂ ಈ ದೋಷದಿಂದ ಮುಕ್ತವಲ್ಲ. ಜಿನಾಲಯದ ಜೀರ್ಣೋದ್ಧಾರವನ್ನು ಪುಣ್ಯಕಾರ್ಯವೆಂದು ನಡೆಸುವ ದಾನಿಗಳು ಅದೇ ಕೇರಿಯ ಬಡ ಶ್ರಾವಕನ ಮಾಡಿಗೆ ನಾಲ್ಕು ತೊಲೆ ಕೊಟ್ಟರೆ ಅದೂ ಜೀರ್ಣೋದ್ಧಾರವಲ್ಲವೆ?

ಈ ಪ್ರಶ್ನೆ ಗುಜರಾತಿಗಷ್ಟೇ ಸೇರಿದ್ದಲ್ಲ. ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ನವನಾರಿಕುಂಜರ, ಪಂಚನಾರಿತುರಗಗಳನ್ನು ಕೆತ್ತಿದ ಮರದ ಕಂಬಗಳನ್ನು ಜನ ಇಂದಿಗೂ ಹೋಗಿ ನೋಡುತ್ತಾರೆ. ಮರದ ಮನೆ ಪ್ರತಿ ಮಳೆಗಾಲದ ಮುನ್ನ ಆರೈಕೆ ಬೇಡುತ್ತದೆ. ಅದನ್ನು ಉಳಿಸುವವರ ಶ್ರಮ ನೋಡಿ ಬಂದವರ ಕಣ್ಣಿಗೆ ಬೀಳುವುದಿಲ್ಲ. ಅಹಮದಾಬಾದಿನ ಪೋಳಗಳಲ್ಲಿ ಈಗಲೂ ಚಬೂತರೋಗಳಿಗೆ ಕಾಳು ಹಾಕುವವರಿದ್ದಾರೆ. ಅವರು ಕೇರಿ ಬಿಟ್ಟುಹೋದ ಮೇಲೆ ಕಂಬ ಉಳಿದರೂ ಹಕ್ಕಿಗಳು ಬರಲಾರವು.