ಗಿಟಾರ್ ಹಿಡಿದ ತತ್ವಪದ

ಕೊಟ್ಟೂರಿನ ನಮ್ಮ ಓಣಿಯ ಭಜನೆಯಲ್ಲಿ ಅಜ್ಜ ಶಿಶುನಾಳ ಷರೀಫರ ಪದ ಹಾಡುವಾಗ, ಬಿಇ ಓದುತ್ತಿದ್ದ ನಾನು ಇಯರ್‌ಫೋನ್ ಸಿಕ್ಕಿಸಿಕೊಂಡು ಮೆಟಾಲಿಕಾ ಕೇಳ್ತಿದ್ದೆ. ತಾಳ, ದಮ್ಮಡಿ ಅಂದರೆ ಏನೋ ನಾಚಿಕೆ.

2008ರಲ್ಲಿ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂತು. ಮೈಸೂರಲ್ಲಿ ಬೆಳೆದು, ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತವರು. ಮೊದಲು ‘ಅಂತರಾಗ್ನಿ’ ಬ್ಯಾಂಡ್ ಕಟ್ಟಿದ್ದರು. ವರ್ಷಗಟ್ಟಲೆ ಯಾವ ಮ್ಯೂಸಿಕ್ ಕಂಪನಿಯೂ ಒಪ್ಪಲಿಲ್ಲ. ಕೊನೆಗೆ ಮುಂಬೈನ ವಿಶಾಲ್-ಶೇಖರ್ ಆಲ್ಬಂ ತಂದರು. ಅದರಲ್ಲಿ ಷರೀಫರ ಗುಡುಗುಡಿ ಪದವೂ ಇತ್ತು, ರಾಕ್ ಗಿಟಾರಿನ ಜೊತೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಶೋ, 2011ರಲ್ಲಿ ಗ್ಲಾಸ್ಟನ್‌ಬರಿ. ಲುಂಗಿ, ಗೆಜ್ಜೆ ಸಮೇತ.

ಆಫೀಸಲ್ಲಿ ಎಲ್ಲರೂ ತಲೆದೂಗುವಾಗ ನಾನೂ ಎದೆಯುಬ್ಬಿಸಿ ಅಂದೆ: “ಇದು ನಮ್ಮ ಕಡೇ ಪದ ರೀ!”

ಆದರೆ ಷರೀಫರು ತೀರಿಕೊಂಡಿದ್ದು 1889ರಲ್ಲಿ. ಸಿ. ಅಶ್ವಥ್ ಕ್ಯಾಸೆಟ್ಟಿಗೂ ಮುಂಚೆ ಆ ಪದಗಳನ್ನು ಕಾಪಾಡಿದ್ದು ಭಜನೆಯವರ ಬಾಯಿ. ನಾನು ನಾಚಿಕೊಂಡಿದ್ದು ಅದಕ್ಕೇ.

ಊರಿಗೆ ಹೋದಾಗ ಅಜ್ಜನ ಕಿವಿಗೆ ಇಯರ್‌ಫೋನ್ ಇಟ್ಟೆ. ಕಣ್ಣು ಮುಚ್ಚಿ, ತೊಡೆ ಮೇಲೆ ತಾಳ ಹಾಕುತ್ತಾ ಪೂರ್ತಿ ಕೇಳಿದ.

“ಚಲೋ ಹಾಡ್ಯಾನ. ಈಗ ನೀನೊಂದು ನುಡಿ ಅನ್ನು ನೋಡೋಣ.”

ಪಲ್ಲವಿ ದಾಟಿ ನನಗೆ ಒಂದು ಸಾಲೂ ಬರಲಿಲ್ಲ.