ಉಂಗುರವನ್ನು ಆಡಿಸಿದವರಾರು?

ಒಂದು ಉಂಗುರವನ್ನು ಗೇಣುದ್ದದ ದಾರಕ್ಕೆ ಕಟ್ಟಿ, ದಾರದ ತುದಿಯನ್ನು ಎರಡು ಬೆರಳುಗಳಲ್ಲಿ ಹಿಡಿದುಕೊಳ್ಳಿ. ಕೈ ಆಡಿಸಬೇಡಿ, ಉಂಗುರ ಅತ್ತಿತ್ತ ತೂಗುತ್ತಿದೆಯೆಂದು ನೆನೆಯಿರಿ, ಅಷ್ಟೆ. ಬಹುಮಂದಿಯ ಕೈಯಲ್ಲಿ ಅದು ಸ್ವಲ್ಪ ಹೊತ್ತಿಗೆ ತೂಗತೊಡಗುವುದು. ‘ನಾನು ಆಡಿಸಲಿಲ್ಲ’ ಎಂದು ನೀವು ಆಣೆಯಿಟ್ಟರೆ ಅದು ಸುಳ್ಳಲ್ಲ; ನಿಜವೂ ಅಲ್ಲ.

ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರೂಲ್ ಅವರು 1812ರ ಸುಮಾರಿಗೆ ಪಾದರಸದ ಮೇಲೆ ಕಬ್ಬಿಣದ ಉಂಗುರವನ್ನು ಹೀಗೆಯೇ ಹಿಡಿದರು. ತೂಗಿತು! ನಡುವೆ ಗಾಜನ್ನಿಟ್ಟರೆ ನಿಂತಿತು. ಬೇರೆಯವರಾಗಿದ್ದರೆ ಹೊಸದೊಂದು ಶಕ್ತಿಗೆ ಹೆಸರಿಟ್ಟು ಗ್ರಂಥ ಬರೆಯುತ್ತಿದ್ದರೇನೋ. ಇವರು ತಮ್ಮ ಕೈಯನ್ನೇ ಸಂದೇಹಿಸಿದರು. ತೋಳಿಗೆ ಆಸರೆ ಕೊಟ್ಟರು. ಆಸರೆ ಬೆರಳಿನತ್ತ ಸರಿದಂತೆಲ್ಲ ತೂಗಾಟ ಕುಗ್ಗಿತು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡರು. ತಮಗೆ ತಿಳಿಯದಂತೆ ಗಾಜನ್ನು ಇಟ್ಟರೂ ತೆಗೆದರೂ ಉಂಗುರಕ್ಕೆ ಅದರ ಪರಿವೆಯೇ ಇಲ್ಲ! ಅದನ್ನು ಮೊದಲು ನಿಲ್ಲಿಸಿದ್ದು ಗಾಜಲ್ಲ, ನಿಲ್ಲುವುದೆಂಬ ಅವರ ಎಣಿಕೆ. ಈ ಸಂಗತಿಯನ್ನು 1833ರಲ್ಲಿ ಆಂಪೇರ್ ಅವರಿಗೆ ಬರೆದ ಪತ್ರವಾಗಿ ಪ್ರಕಟಿಸಿದರು. ತಾನು ಮೋಸಹೋದ ಬಗೆಯನ್ನು ಇಷ್ಟು ಬಿಚ್ಚಿ ಹೇಳುವ ವಿದ್ವಾಂಸರು ಅಪರೂಪ.

ಚಲನೆಯ ನೆನಪೇ ಸ್ನಾಯುವನ್ನು ಅಲುಗಿಸಬಲ್ಲುದು, ಅದಕ್ಕೆ ಸಂಕಲ್ಪದ ಅಪ್ಪಣೆ ಬೇಕಿಲ್ಲವೆಂದು 1852ರಲ್ಲಿ ಇಂಗ್ಲೆಂಡಿನ ಕಾರ್ಪೆಂಟರ್ ವಿವರಿಸಿದರು. ಮರುವರ್ಷ ಅಲ್ಲಿ ಮೇಜು ತಿರುಗಿಸುವ ಹುಚ್ಚು ಹಬ್ಬಿತು. ಸುತ್ತ ಕುಳಿತು ಕೈಯೂರಿದರೆ ಮೇಜು ತಿರುಗುವುದು. ಕೆಲವರು ವಿದ್ಯುತ್ತೆಂದರು, ಕೆಲವರು ಪ್ರೇತವೆಂದರು. ಫ್ಯಾರಡೆ ಮೇಜಿಗೂ ಕೈಗೂ ನಡುವೆ ಸರಿದಾಡಬಲ್ಲ ರಟ್ಟುಗಳನ್ನಿಟ್ಟರು. ಮೇಲಿನ ರಟ್ಟು ಹೆಚ್ಚು ಸರಿದಿತ್ತು, ಕೆಳಗಿನದು ಕಡಿಮೆ. ಎಂದರೆ ಮೇಜಿಗಿಂತ ಕೈಯೇ ಮುಂದೆ. ಕುಳಿತವರೋ ಪ್ರಾಮಾಣಿಕರು. ತಮ್ಮ ಕೈ ಸರಿಯುವುದನ್ನು ಸೂಚಿಯೊಂದರಲ್ಲಿ ಕಣ್ಣಾರೆ ಕಂಡಕೂಡಲೆ ಮೇಜು ಸುಮ್ಮನಾಯಿತು.

ಇದನ್ನು ಬರಿಯ ಆಟವೆಂದು ಬಿಡುವಂತಿಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ, ಮಾತು ಬಾರದ ಮಕ್ಕಳ ಕೈಯನ್ನು ಸಹಾಯಕರು ಹಿಡಿದು ಅಕ್ಷರ ಒತ್ತಿಸುವ ಕ್ರಮ ಬಳಕೆಗೆ ಬಂದಿತು. ಮಗು ಕೊನೆಗೂ ಮಾತಾಡಿತೆಂದು ಮನೆಮಂದಿ ಹಿಗ್ಗಿದರು. ಮಗುವಿಗೊಂದು ಚಿತ್ರ, ಸಹಾಯಕರಿಗೆ ಬೇರೊಂದು ಚಿತ್ರ ತೋರಿಸಿ ಪರೀಕ್ಷಿಸಿದಾಗ, ಮೂಡಿದ ಹೆಸರು ಸಹಾಯಕರು ಕಂಡದ್ದರದೇ ಆಗಿತ್ತು. ಮೋಸಮಾಡುವ ಉದ್ದೇಶ ಅವರಿಗಿರಲಿಲ್ಲ. ಅಕ್ಷರಗಳೆಲ್ಲ ಮಗುವಿನವೆಂದೇ ನಂಬಿದ್ದರು. ಆದರೆ ಅಷ್ಟರಲ್ಲಿ, ಅಂಥ ಅಕ್ಷರಗಳನ್ನೇ ಸಾಕ್ಷಿಯೆಂದು ಬಗೆದು ಕೆಲವು ತಂದೆತಾಯಿಗಳ ಮೇಲೆ ಘೋರ ಆರೋಪ ಹೊರಿಸಿ, ಮಕ್ಕಳನ್ನು ಅವರಿಂದ ಅಗಲಿಸಲಾಗಿತ್ತು.