ದಕ್ಷಿಣ ಆಫ್ರಿಕದ ವಿಶ್ವವಿದ್ಯಾನಿಲಯಗಳು ಮತ್ತು ಮಾನವ ಹಕ್ಕುಗಳ ಚರ್ಚೆ

ವರ್ಣಭೇದ ಕಾಲದ ದಕ್ಷಿಣ ಆಫ್ರಿಕದಲ್ಲಿ ಮಾನವ ಹಕ್ಕುಗಳ ಚರ್ಚೆಗೆ ವಿಶ್ವವಿದ್ಯಾನಿಲಯಗಳು ನೆಲೆಯಾದ ಕತೆಯನ್ನು ಸಾಮಾನ್ಯವಾಗಿ ಕೇಪ್‌ಟೌನ್ ಮತ್ತು ವಿಟ್‌ವಾಟರ್ಸ್‌ರ್‍ಯಾಂಡ್ ವಿಶ್ವವಿದ್ಯಾನಿಲಯಗಳಿಂದಲೇ ಹೇಳುವುದು ರೂಢಿ. ಯಾರು, ಏನನ್ನು, ಹೇಗೆ, ಯಾರಿಗೆ ಕಲಿಸಬೇಕೆಂಬ ನಾಲ್ಕನ್ನೂ ವಿಶ್ವವಿದ್ಯಾನಿಲಯವೇ ತೀರ್ಮಾನಿಸಬೇಕೆಂದು ಕೇಪ್‌ಟೌನ್‌ನ ಕುಲಪತಿ ಟಿ. ಬಿ. ಡೇವಿ (ಅಧಿಕಾರಾವಧಿ 1948–55) ವಾದಿಸಿದರು. 1959ರ ಕಾಯ್ದೆ ಕರಿಯ ವಿದ್ಯಾರ್ಥಿಗಳ ಪ್ರವೇಶಕ್ಕೆ ಸರ್ಕಾರದ ಅನುಮತಿಯನ್ನು ಕಡ್ಡಾಯ ಮಾಡಿತು. ಇವೆರಡೂ ಸಂಸ್ಥೆಗಳು ಅದನ್ನು ಬಹಿರಂಗವಾಗಿ ವಿರೋಧಿಸಿದವು. ಡೇವಿ ಹೆಸರಿನ ವಾರ್ಷಿಕ ಉಪನ್ಯಾಸ ಅದೇ ವರ್ಷ ಆರಂಭವಾಯಿತು. ಆದರೆ ಈ ಎರಡು ಸಂಸ್ಥೆಗಳು ಅದುವರೆಗೆ ಎಷ್ಟರಮಟ್ಟಿಗೆ ಎಲ್ಲರದಾಗಿದ್ದವು ಎಂಬುದು ವಿವಾದದ ಮಾತು. ತರಗತಿಯಲ್ಲಿ ಒಟ್ಟಿಗೆ ಕೂರುವ ಕರಿಯ ವಿದ್ಯಾರ್ಥಿಗೆ ಆಟದ ಮೈದಾನದಲ್ಲಿ, ನೃತ್ಯಕೂಟದಲ್ಲಿ ಜಾಗವಿರಲಿಲ್ಲ. ಅಂಥವರ ಸಂಖ್ಯೆಯೂ ಕಡಿಮೆಯೇ.

ಚರ್ಚೆಯ ದಿಕ್ಕನ್ನು ನಿಜವಾಗಿ ಬದಲಿಸಿದ್ದು, ಕರಿಯರನ್ನು ಬೇರೆಯಿಡಲೆಂದೇ ಅದೇ ಕಾಯ್ದೆಯಡಿ ಕಟ್ಟಿದ ಕಾಲೇಜುಗಳು. ಬಿಳಿಯರೇ ಹೆಚ್ಚಾಗಿದ್ದ ರಾಷ್ಟ್ರೀಯ ವಿದ್ಯಾರ್ಥಿ ಒಕ್ಕೂಟ 1966ರಲ್ಲಿ ರಾಬರ್ಟ್ ಕೆನಡಿಯವರನ್ನು ಕೇಪ್‌ಟೌನ್‌ಗೆ ಕರೆಸಿತ್ತು. ಆ ಒಕ್ಕೂಟ ತಮ್ಮ ಪರವಾಗಿ ಮಾತಾಡುವುದು ಸಾಕೆಂದ ಕರಿಯ ವಿದ್ಯಾರ್ಥಿ ನಾಯಕ ಸ್ಟೀವ್ ಬಿಕೊ ಮತ್ತು ಗೆಳೆಯರು ಕರಿಯ ವಿದ್ಯಾರ್ಥಿಗಳ ಪ್ರತ್ಯೇಕ ಸಂಘಟನೆ ಕಟ್ಟಿದರು. ಅದರ ಉದ್ಘಾಟನಾ ಸಮ್ಮೇಳನ 1969ರಲ್ಲಿ ಆ ಹೊಸ ಕಾಲೇಜುಗಳಲ್ಲೊಂದಾದ ಟರ್ಫ್‌ಲೂಪ್‌ನಲ್ಲಿ ನಡೆಯಿತು. ಅಲ್ಲಿಯೇ 1972ರ ಏಪ್ರಿಲ್ 29ರ ಘಟಿಕೋತ್ಸವದಲ್ಲಿ ವಿದ್ಯಾರ್ಥಿಗಳ ಪರವಾಗಿ ಮಾತಾಡಿದ ಒಂಕ್‌ಗೊಪೊಟ್ಸೆ ಟಿರೊ, ಕರಿಯರ ವಿಶ್ವವಿದ್ಯಾನಿಲಯದ ಆಡಳಿತ ಬಿಳಿಯರ ಕೈಯಲ್ಲೇಕೆ, ಪದವೀಧರರ ಪೋಷಕರನ್ನು ಹೊರಗುಳಿಸಿ ಮುಂದಿನ ಸಾಲುಗಳನ್ನು ಬಿಳಿಯರಿಗೆ ಕೊಟ್ಟದ್ದೇಕೆ ಎಂದು ಅವರ ಮುಂದೆಯೇ ಕೇಳಿದರು. ಅವರನ್ನು ಹೊರಹಾಕಲಾಯಿತು; ಅದನ್ನು ಪ್ರತಿಭಟಿಸಿ ಆರಂಭವಾದ ತರಗತಿ ಬಹಿಷ್ಕಾರ ಉಳಿದ ಕರಿಯ ಕಾಲೇಜುಗಳಿಗೂ ಹಬ್ಬಿತು. ಟಿರೊ ಸೊವೆಟೊದ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಕಲಿಸಿದರು. 1974ರಲ್ಲಿ ಬೋಟ್ಸ್‌ವಾನದಲ್ಲಿ ಅಂಚೆ ಬಾಂಬಿಗೆ ಬಲಿಯಾದರು. 1976ರ ಸೊವೆಟೊ ದಂಗೆಯನ್ನು ಮುನ್ನಡೆಸಿದವರಲ್ಲಿ ಅದೇ ಶಾಲೆಯ ಟ್ಸಿಯೆಟ್ಸಿ ಮಶಿನಿನಿ ಒಬ್ಬರು.

ಮಾತಾಡಿದವನನ್ನೇ ಹೊರಹಾಕಿದ ಸಂಸ್ಥೆಯನ್ನು ಚರ್ಚೆಯ ನೆಲೆ ಎನ್ನಬಹುದೇ ಎಂಬ ಆಕ್ಷೇಪವಿದೆ. ಆಡಳಿತವನ್ನಷ್ಟೇ ವಿಶ್ವವಿದ್ಯಾನಿಲಯವೆಂದು ಎಣಿಸಿದರೆ ಆಕ್ಷೇಪ ಸರಿಯೇ. ಆಗ ಕೇಪ್‌ಟೌನ್‌ನಂಥ ಉದಾರವಾದಿ ಸಂಸ್ಥೆಗಳೂ ಅದೇ ಪರೀಕ್ಷೆಗೆ ಒಳಪಡಬೇಕಾಗುತ್ತದೆ. 1968ರಲ್ಲಿ ಕರಿಯ ಮಾನವಶಾಸ್ತ್ರಜ್ಞ ಆರ್ಚಿ ಮಫೇಜೆ ಅವರಿಗೆ ಕೊಟ್ಟ ಉಪನ್ಯಾಸಕ ಹುದ್ದೆಯನ್ನು ಕೇಪ್‌ಟೌನ್‌ನ ಆಡಳಿತ ಮಂಡಳಿ ಸರ್ಕಾರದ ಒತ್ತಡಕ್ಕೆ ಮಣಿದು ರದ್ದುಮಾಡಿತು. ಯಾರು ಕಲಿಸಬೇಕೆಂಬ ಡೇವಿಯವರ ಮೊದಲ ಸೂತ್ರವೇ ಅಲ್ಲಿ ಬಿದ್ದುಹೋಯಿತು. ಅದನ್ನು ಎತ್ತಿಹಿಡಿದವರು ಆಡಳಿತ ಕಟ್ಟಡದಲ್ಲಿ ಧರಣಿ ಕೂತ ನೂರಾರು ವಿದ್ಯಾರ್ಥಿಗಳು. ಹಾಗೆಂದು ಉದಾರವಾದಿ ಸಂಸ್ಥೆಗಳ ಪ್ರತಿಭಟನೆ ಬರೀ ತೋರಿಕೆಯದೆಂದು ತಳ್ಳಿಹಾಕುವಂತಿಲ್ಲ: ಬೇರೆಡೆ ನಿಷಿದ್ಧವಾಗಿದ್ದ ಮಾತಿಗೆ ಅವು ವೇದಿಕೆ ಉಳಿಸಿಕೊಟ್ಟವು. 1994ರಲ್ಲಿ ವರ್ಣಭೇದ ಆಡಳಿತ ಕೊನೆಗೊಂಡ ನಂತರ ವಾದ ಪ್ರವೇಶದಿಂದ ಪಠ್ಯಕ್ಕೆ, ಶುಲ್ಕಕ್ಕೆ, ಸ್ಮಾರಕಗಳಿಗೆ ಹೊರಳಿತು. 2015ರ ಏಪ್ರಿಲ್ 9ರಂದು ಕೇಪ್‌ಟೌನ್ ಆವರಣದಿಂದ ವಸಾಹತುಶಾಹಿ ನಾಯಕ ಸೆಸಿಲ್ ರೋಡ್ಸ್ ಪ್ರತಿಮೆಯನ್ನು ತೆಗೆಸಿದ ವಿದ್ಯಾರ್ಥಿಗಳು ತಮ್ಮ ವಾದಕ್ಕೆ ಆಧಾರ ಹುಡುಕಿದ್ದು ಬಿಕೊ ಬರಹಗಳಲ್ಲಿ.